ಫೆಸ್ಟಸಜ್ಜನ ಎದೆಯ ಮೇಲೆ ರಾಣಿ

ಇಂಗ್ಲಿಷರ ನಾಡಿನ ಪಕ್ಕದ ದ್ವೀಪದಲ್ಲಿ, ನಮ್ಮ ಮೇಯೋ ಸೀಮೆಯಲ್ಲಿ, ಸತ್ತವರ ಮೈಯನ್ನು ಮನೆಯವರು ತೊಳೆಯುವ ಹಾಗಿಲ್ಲ, ನೆರೆಯವರೇ ತೊಳೆಯಬೇಕು. ಫೆಸ್ಟಸ್ ಲವೆಲ್ ಅಜ್ಜ ತೀರಿಕೊಂಡಾಗ ಆ ಕೆಲಸ ಪಕ್ಕದ ಮನೆಯವಳಾದ ನನ್ನ ಪಾಲಿಗೆ ಬಂತು. ಮೈ ಒರೆಸಿ, ಕಂದು ನಿಲುವಂಗಿ ತೊಡಿಸಿ, ಬೆರಳುಗಳಿಗೆ ಜಪಮಾಲೆ ಸುತ್ತಿದೆ. ಅಷ್ಟರಲ್ಲಿ ಅವನ ಹೆಂಡತಿ ಸಬೀನಜ್ಜಿ ಚಹಾದ ಡಬ್ಬಿಯಿಂದ ಅವನ ಇಂಗ್ಲಿಷ್ ಸೈನ್ಯದ ಪದಕ ತೆಗೆದು ನನ್ನ ಕೈಗಿಟ್ಟಳು.

"ಎಡಗಡೆ ಚುಚ್ಚು, ಡೀಲಿಯಾ."

ಇಂಗ್ಲಿಷರು ಊರು ಬಿಟ್ಟು ನಾಲ್ಕು ವರ್ಷವಾಗಿತ್ತು. ಅವರ ರಾಣಿಯನ್ನು ಎದೆಗೆ ಹಚ್ಚಿಕೊಂಡು ಯಾರು ತಾನೇ ಮಣ್ಣಿಗೆ ಹೋದಾರು?

ನಾನು ಚಿಕ್ಕವಳಿದ್ದಾಗ ಹೀಗಿರಲಿಲ್ಲ. ಸಂತೆಯ ದಿನ ಅಜ್ಜ ಪದಕ ಹಾಕಿಕೊಂಡು ಬೀದಿಗಿಳಿದರೆ ನಾವು ಮಕ್ಕಳೆಲ್ಲ ಅವನ ಬೆನ್ನಿಗೆ. ಪದಕದ ಒಂದು ಕಡೆ ವಿಕ್ಟೋರಿಯಾ ರಾಣಿ, ಇನ್ನೊಂದು ಕಡೆ ಬಾಗಿ ನೀರು ಕುಡಿಯುವ ಸಿಂಹ.

"ಆಫ್ರಿಕಾದಲ್ಲಿ ಸಿಂಹ ನೋಡಿದ್ಯಾ ಅಜ್ಜಾ?"

"ಸಿಂಹ ಎಲ್ಲಿಂದ ಬಂತೇ? ನೋಡಿದ್ದೆಲ್ಲ ನೊಣ."

"ಮತ್ತೆ ಸೈನ್ಯ ಯಾಕೆ ಸೇರ್ದೆ? ರಾಣಿ ಅಂದ್ರೆ ಅಷ್ಟು ಇಷ್ಟಾನಾ?"

"ರಾಣಿ ಅಲ್ಲ ಕಣೇ, ಬೂಟು! ಅಲ್ಲೀವರೆಗೂ ಈ ಕಾಲು ಬೂಟು ಕಂಡಿರಲಿಲ್ಲ."

ಅಲ್ಲಿನ ಜುಲು ಜನರ ಮೇಲಿನ ಯುದ್ಧದ ಮಾತು ಬಂದರೆ ಮಾತ್ರ ನಗು ನಿಲ್ಲುತ್ತಿತ್ತು. "ಅವರ ದನ, ಅವರ ನೆಲ. ನಮಗೇನಿತ್ತು ಅಲ್ಲಿ ಕೆಲಸ?" ಎಂದು ಬೆಂಕಿ ಕೆದಕುತ್ತಾ ಕೂರುತ್ತಿದ್ದ. ಆ ಸಂಜೆಗಳು ನನಗೆ ಈಗಲೂ ಬೇಕು. ಆಮೇಲೆ ಯಾರ ಒಲೆಯ ಮುಂದೆಯೂ ನಾನು ಅಷ್ಟು ನಕ್ಕಿಲ್ಲ. ಇಂಗ್ಲಿಷರ ವಿರುದ್ಧ ಕಾಳಗ ಜೋರಾದ ಮೇಲೆ ಪದಕ ಡಬ್ಬಿ ಸೇರಿತು.

ಮಣ್ಣು ಮಾಡುವ ಬೆಳಿಗ್ಗೆ ತಕರಾರು ಶುರುವಾಯಿತು. ಶವಪೆಟ್ಟಿಗೆಗೆ ಮೊದಲು ಹೆಗಲು ಕೊಡಬೇಕಾದವರು ಅದೇ ಮನೆತನದ ನಾಲ್ವರು. ಇಲ್ಲದಿದ್ದರೆ ಅನಾಥ ಹೆಣ ಎಂದು ಊರು ಆಡಿಕೊಳ್ಳುತ್ತದೆ. ಲವೆಲ್ ಗಂಡಸರೆಲ್ಲ ಹಡಗು ಹತ್ತಿ ಹೋಗಿ ಇಲ್ಲಿ ಉಳಿದವರೇ ನಾಲ್ವರು. ಅವರಲ್ಲಿ ಒಬ್ಬ ಅಜ್ಜನ ತಮ್ಮನ ಮಗ ಮ್ಯಾಲಕಿ, ಇಂಗ್ಲಿಷರ ಮೇಲೆ ಬಂದೂಕು ಹಿಡಿದವನು. ಅವನ ಹಳೇ ಸಂಗಡಿಗರು ಪದಕದ ಸುದ್ದಿ ಕೇಳಿ ಒಳಗೆ ಕಾಲಿಡದೆ ಅಂಗಳದಲ್ಲೇ ನಿಂತಿದ್ದರು.

"ಅದನ್ನ ತೆಗೀ ದೊಡ್ಡಮ್ಮ. ಅದಿದ್ರೆ ನಾನು ಹೆಗಲು ಕೊಡಲ್ಲ."

"ಅವನು ಕೇಳಿದ್ದು ಇದೊಂದೇ ಕಣೋ. ಆಫ್ರಿಕಾದಲ್ಲಿ ಜ್ವರಕ್ಕೆ ಸತ್ತ ನಮ್ಮೂರ ಹುಡುಗರು ಸ್ವರ್ಗದಲ್ಲಿ ನನ್ನ ಗುರುತು ಹಿಡೀಬೇಕಲ್ಲ ಅಂದ."

"ಹೊರಗಿರೋರಿಗೆ ನಾನು ಹೇಗೆ ಮುಖ ತೋರಿಸ್ಲಿ?"

ಅಜ್ಜಿ ಮೇಲುವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡಳು. "ಹೆಂಡದಂಗಡೀಲಿ ಒಂದು ಕತೆ ಹೇಳ್ತೀಯಲ್ಲ, ಹುಲ್ಲಲ್ಲಿ ಬಚ್ಚಿಟ್ಕೊಂಡಿದ್ದು? ಹೇಳು ನೋಡೋಣ."

ಆ ಕತೆ ಊರಿಗೆಲ್ಲ ಬಾಯಿಪಾಠ. ಇಂಗ್ಲಿಷ್ ಸಿಪಾಯಿಗಳು ಹುಡುಕಿಕೊಂಡು ಬಂದಾಗ ಮ್ಯಾಲಕಿ ಈ ಮನೆಯ ಕೊಟ್ಟಿಗೆಯಲ್ಲಿ ಹುಲ್ಲಿನಡಿ ಮಲಗಿದ್ದ. ಆ ದಡ್ಡರಿಗೆ ಕೊಟ್ಟಿಗೆ ನೋಡಬೇಕೆಂದೇ ಹೊಳೆಯಲಿಲ್ಲವಂತೆ! ಹೇಳುತ್ತ ಹೇಳುತ್ತ ಅವನ ಜಾಣತನ ವರ್ಷಕ್ಕಿಷ್ಟು ಬೆಳೆದಿತ್ತು.

"ದಡ್ಡರಲ್ಲಪ್ಪಾ," ಅಂದಳು ಅಜ್ಜಿ. "ಕೊಟ್ಟಿಗೆ ಬಾಗಿಲಿಗೇ ಕೈ ಹಾಕಿದ್ರು. ನಿನ್ನ ದೊಡ್ಡಪ್ಪ ಅಂಗಿಗೆ ಇದನ್ನ ಚುಚ್ಕೊಂಡು ಅಡ್ಡ ನಿಂತ. 'ರಾಣಿಯ ಸಿಪಾಯಿ ಮಾತು ಕೊಡ್ತಿದೀನಿ, ಒಳಗೆ ಹಸು ಬಿಟ್ರೆ ಯಾರೂ ಇಲ್ಲ' ಅಂದ. ಅವರ ಕ್ಯಾಪ್ಟನ್ ಪದಕ ನೋಡಿ, ಸೆಲ್ಯೂಟ್ ಹೊಡೆದು ಹೋದ."

ಮ್ಯಾಲಕಿ ಅಜ್ಜಿಯ ಕಡೆ ತಿರುಗಿದ. "ನಂಗ್ಯಾಕೆ ಹೇಳಲಿಲ್ಲ?"

"ನಾನು ಹೇಳೋಣ ಅಂದೆ. 'ಹುಡುಗನ ಕತೆ ಹುಡುಗನಿಗೇ ಇರಲಿ ಬಿಡೇ' ಅಂದ. ನೀನು ಕೊಚ್ಚಿಕೊಳ್ಳೋವಾಗೆಲ್ಲ ಎಲ್ಲರಿಗಿಂತ ಜೋರಾಗಿ ನಗ್ತಿದ್ದೋನು ಅವನೇ."

ಮ್ಯಾಲಕಿ ಪೆಟ್ಟಿಗೆಯ ಹತ್ತಿರ ಹೋಗಿ ದೊಡ್ಡಪ್ಪನ ಮುಖವನ್ನು ನೋಡಿದ. ಪದಕವನ್ನು ಮುಟ್ಟಲಿಲ್ಲ. ಆಮೇಲೆ ಬಾಗಿಲಿಗೆ ಹೋಗಿ ಅಂಗಳದವರನ್ನು ಕೂಗಿದ.

"ಒಳಗೆ ಬನ್ರೋ. ಟೋಪಿ ತೆಗೆದು ಬನ್ನಿ. ಇಷ್ಟು ವರ್ಷ ನಾನು ಹೇಳಿದ್ದು ಸುಳ್ಳು ಕತೆ. ನಿಜವಾದ್ದು ಇಲ್ಲಿ ಮಲಗಿದೆ."

ಅವರು ಒಬ್ಬೊಬ್ಬರೇ ಬಂದರು. ಮ್ಯಾಲಕಿ ಪ್ರತಿಯೊಬ್ಬನಿಗೂ ಕತೆಯನ್ನು ಮೊದಲಿನಿಂದ ಹೇಳಿದ, ಪಾದ್ರಿ ಕಾದರು. ಆಮೇಲೆ ತಲೆಯ ಕಡೆಗೆ ಹೆಗಲು ಕೊಟ್ಟವನು ಅವನೇ. ಸ್ಮಶಾನ ಮುಟ್ಟುವವರೆಗೆ ಕಣ್ಣೊರೆಸಿಕೊಳ್ಳಲೂ ಅವನು ಕೈ ಬಿಡಲಿಲ್ಲ.