ಪ್ರವಾಸಿಗರ ಉಪಯೋಗಕ್ಕೆ ಮಾತ್ರ

ನಾನು ಒಂದು ಗಾಲಿಕುರ್ಚಿ. ವೀಲ್‌ಚೇರ್ ಅಂದರೆ ಬೇಗ ಗೊತ್ತಾಗುತ್ತದೆ. ನನ್ನನ್ನು ಕಂಡವರೆಲ್ಲ ‘ಪಾಪ, ಯಾರಿಗೆ ಏನಾಯಿತು’ ಎಂದು ಕೇಳುತ್ತಾರೆ. ನನಗೆ ಏನಾಯಿತು ಎಂದು ಇದುವರೆಗೆ ಯಾರೂ ಕೇಳಿಲ್ಲ. ಕೇಳಲಿ ಎಂದು ಕಾಯುವಷ್ಟು ತಾಳ್ಮೆ ನನ್ನಲ್ಲಿ ಉಳಿದಿಲ್ಲ. ಅದಕ್ಕೇ ನಾನೇ ಹೇಳಿಬಿಡುತ್ತೇನೆ.

ನಾನು ಹುಟ್ಟಿದ್ದು ಪೀಣ್ಯದ ಒಂದು ತಗಡಿನ ಶೆಡ್ಡಿನಲ್ಲಿ. ಕಬ್ಬಿಣದ ಕೊಳವೆಗಳನ್ನು ಬಗ್ಗಿಸಿ, ಬೆಸುಗೆ ಹಾಕಿ, ಬಣ್ಣ ಬಳಿದರು. ಹಿಂದೆ ಎರಡು ದೊಡ್ಡ ಗಾಲಿ, ಮುಂದೆ ಎರಡು ಪುಟ್ಟ ಗಾಲಿ, ಕೂರಲು ನೀಲಿ ರೆಕ್ಸಿನ್. ಬೆಸುಗೆಯವನು ತಾನೇ ಕೂತು ಶೆಡ್ಡಿನೊಳಗೆ ಒಂದು ಸುತ್ತು ಹೊಡೆದು, ಗಟ್ಟಿಯಾಗಿದೆ ಎಂದ. ನನ್ನ ಜೊತೆಯವರೆಲ್ಲ ಆಸ್ಪತ್ರೆಗಳಿಗೆ ಹೋದರು. ನನ್ನನ್ನು ಮಾತ್ರ ಯಾವುದೋ ಕಂಪನಿಯವರು ಚಾಮರಾಜನಗರದ ಕಡೆಯ ಒಂದು ಹುಲಿ ಕಾಡಿಗೆ ದಾನ ಕೊಟ್ಟರು. ನಡೆಯಲಾರದವರೂ ಕಾಡು ನೋಡಲಿ ಎಂಬುದು ಅವರ ಆಸೆಯಂತೆ. ಡೆಟಾಲ್ ವಾಸನೆಯ ಬದಲು ಕಾಡಿನ ಗಾಳಿ ಸಿಗುತ್ತದೆ ಎಂದು ನಾನು ಹಿಗ್ಗಿಹೋದೆ.

ಸಫಾರಿ ಶುರುವಾಗುವ ಜಾಗದಲ್ಲಿ ನನಗಾಗಿಯೇ ಒಂದು ರ‍್ಯಾಂಪ್ ಕಟ್ಟಿಸಿದ್ದರು. ಉದ್ಘಾಟನೆಯ ದಿನ ನನಗೂ ಹೂವಿನ ಹಾರ ಹಾಕಿದರು. ಫೋಟೋ ತೆಗೆಯುವ ಹೊತ್ತಿಗೆ ನೋಡಿದರೆ ಕೂರುವವರೇ ಇಲ್ಲ. ನಡೆಯಲಾರದ ಒಬ್ಬರನ್ನು ಕರೆಯಬೇಕೆಂಬುದು ಅಷ್ಟು ದೊಡ್ಡ ಸಮಾರಂಭದಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಕೊನೆಗೆ ಕ್ಯಾಂಟೀನಿನ ಅಡುಗೆಯವನನ್ನು ಎಳೆದು ತಂದು ಕೂರಿಸಿ, ಕಾಲ ಮೇಲೆ ಶಾಲು ಹೊದಿಸಿದರು. ಸ್ವಲ್ಪ ಸಪ್ಪೆ ಮುಖ ಮಾಡು ಎಂದು ಫೋಟೋದವನು ಹೇಳಿದ. ಒಲೆಯ ಮೇಲೆ ಸಾಂಬಾರು ಬಿಟ್ಟು ಬಂದಿದ್ದ ಅವನಿಗೆ ಸಪ್ಪೆ ಮುಖ ಮಾಡುವುದು ಕಷ್ಟವಾಗಲಿಲ್ಲ.

ಮರುದಿನ ನನ್ನ ಬೆನ್ನ ಮೇಲೆ ಬಿಳಿ ಬಣ್ಣದಲ್ಲಿ ‘ಪ್ರವಾಸಿಗರ ಉಪಯೋಗಕ್ಕೆ ಮಾತ್ರ’ ಎಂದು ಬರೆಸಿದರು. ರ‍್ಯಾಂಪಿನ ಉದ್ದಕ್ಕೂ ಹೂಕುಂಡ ಜೋಡಿಸಿದರು. ನೋಡಲು ಬಲು ಚೆಂದ, ನಾನು ಹತ್ತುವುದಕ್ಕೆ ಮಾತ್ರ ಜಾಗವಿಲ್ಲ. ಕುಂಡ ಸರಿಸಿ ಹತ್ತಿದರೂ ಆ ರ‍್ಯಾಂಪ್ ಹೋಗಿ ನಿಲ್ಲುವುದು ಟಿಕೆಟ್ ಕೊಡುವ ಕಿಟಕಿಯ ಮುಂದೆ. ಅಲ್ಲಿಂದ ಬಸ್ಸಿಗೆ ಹೋಗಬೇಕಾದರೆ ಮತ್ತೆ ಮೆಟ್ಟಿಲು ಇಳಿಯಬೇಕು. ಬಸ್ಸಿನ ಬಾಗಿಲಂತೂ ಸೊಂಟದೆತ್ತರ. ಅಂದರೆ ನಡೆಯಲಾರದವರು ಬಂದು ದುಡ್ಡು ಕೊಡಬಹುದು, ಅಷ್ಟೇ.

ಒಮ್ಮೆ ಮಂಡ್ಯದಿಂದ ವಿನೋದಾ ಎಂಬ ಕಾಲೇಜಿನ ಮೇಡಂ ಬಂದಿದ್ದರು. ಪೋಲಿಯೋದಿಂದ ಕಾಲು ಹೋದವರು. ನನ್ನ ಮೇಲೆ ಕೂತು ಬಸ್ಸಿನವರೆಗೂ ಬಂದರು. ಅಲ್ಲಿ ಬಸ್ಸಿನವರು, ನಾಲ್ಕು ಜನ ಸೇರಿ ಎತ್ತುತ್ತೇವೆ ಎಂದರು. ಮೂಟೆಯ ಹಾಗೆ ಎತ್ತಿಸಿಕೊಳ್ಳಲು ಅವರು ಒಪ್ಪಲಿಲ್ಲ. ಹಾಗಾದರೆ ನೀವು ಕ್ಯಾಂಟೀನಿನ ಹತ್ತಿರವೇ ಇರಿ, ಸಂಜೆ ಇಲ್ಲಿಗೂ ಜಿಂಕೆ ಬರುತ್ತವೆ ಎಂದು ಸಮಾಧಾನ ಹೇಳಿದರು. ಮನೆಯವರು ಕಾಡು ನೋಡಿ ಬರುವ ತನಕ ಅವರು ಗೋಡೆಯ ಮೇಲೆ ಬರೆದಿದ್ದ ಹುಲಿಯನ್ನು ನೋಡುತ್ತ ಕೂತಿದ್ದರು. ಜಿಂಕೆ ಬರಲಿಲ್ಲ. ಮಂಗವೊಂದು ಬಂದು ಅವರ ಬಿಸ್ಕತ್ತಿನ ಪೊಟ್ಟಣ ಎತ್ತಿಕೊಂಡು ಹೋಯಿತು. ಅವತ್ತು ನನಗಾದ ಅವಮಾನ ಹೇಳತೀರದು.

ಆಮೇಲೆ ನನಗೆ ಬೇರೆ ಬೇರೆ ಕೆಲಸ ಸಿಕ್ಕಿತು. ಕ್ಯಾಂಟೀನಿನವರು ಗ್ಯಾಸ್ ಸಿಲಿಂಡರನ್ನು ನನ್ನ ಮೇಲೆ ಕೂರಿಸಿ ತಳ್ಳಿಕೊಂಡು ಹೋದರು. ನೀರಿನ ಕ್ಯಾನು, ಸಿಮೆಂಟು ಮೂಟೆ, ಅತಿಥಿಗೃಹದ ಹಾಸಿಗೆ, ಎಲ್ಲಕ್ಕೂ ನಾನೇ. ಸಾಹೇಬರ ಅತ್ತೆಯವರು ಬಂದಾಗ ಅವರ ಹಲಸಿನ ಹಣ್ಣು ನನ್ನ ಮೇಲೆ ರಾಜನ ಹಾಗೆ ಸವಾರಿ ಮಾಡಿತು. ಇಲ್ಲಿ ಸಾಹೇಬರು ಎಂದರೆ ಆ ವಲಯದ ಅಧಿಕಾರಿ. ಇದೆಲ್ಲ ಅವರ ಕೋಣೆಯ ಕಿಟಕಿಯ ಮುಂದೆಯೇ ನಡೆಯುತ್ತಿತ್ತು. ಒಂದು ದಿನವೂ ಯಾಕೆ ಎಂದು ಕೇಳಿದವರಲ್ಲ.

ಅಲ್ಲಿ ನನ್ನನ್ನು ಕುರ್ಚಿಯೆಂದು ಕಂಡವಳು ಕಸ ಗುಡಿಸುವ ಪುಟ್ಟತಾಯಮ್ಮ ಒಬ್ಬಳೇ. ಕಾಡಂಚಿನ ಊರಿನವಳು. ಬಾಯಿ ಜೋರು. ಅವಳೂ ನನ್ನ ಮೇಲೆ ಬಕೆಟ್ಟು ಇಟ್ಟು ತಳ್ಳಿದವಳೇ, ಸುಳ್ಳು ಯಾಕೆ ಹೇಳಲಿ. ಆದರೆ ಸಂಜೆ ಕೆಲಸ ಮುಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ನನ್ನನ್ನು ಒರೆಸಿ, ಕ್ಯಾಂಟೀನಿನ ಕೊಬ್ಬರಿ ಎಣ್ಣೆಯನ್ನು ಗಾಲಿಗೆ ಬಿಡುತ್ತಿದ್ದಳು.

ಈಗ ಕೇತಮ್ಮನ ವಿಷಯಕ್ಕೆ ಬರುತ್ತೇನೆ. ನನಗೆ ಸಿಟ್ಟು ಬರುವುದು ಇಲ್ಲೇ.

ಕೇತಮ್ಮ ಹುಟ್ಟಿದ್ದು ಈ ಕಾಡಿನೊಳಗೆ. ಒಳಗಿದ್ದ ಅವರ ಪೋಡನ್ನು, ಅಂದರೆ ಹಟ್ಟಿಯನ್ನು, ಬಹಳ ಹಿಂದೆಯೇ ಎಬ್ಬಿಸಿ ರಸ್ತೆಯ ಪಕ್ಕಕ್ಕೆ ತಂದಿದ್ದರು. ಅವಳ ಗಂಡ ಕುಂಬೇಗೌಡ ಆ ವರ್ಷ ತೀರಿಕೊಂಡಿದ್ದ. ಅವರ ಪೋಡಿನಲ್ಲಿ ಒಂದು ಪದ್ಧತಿ ಇದೆ. ಸತ್ತವರ ಹೆಸರಲ್ಲಿ ಹೊಳೆಯಿಂದ ಒಂದು ಕಲ್ಲು ಆರಿಸಿ ತಂದು, ಕಾಡಿನೊಳಗಿನ ಕಲ್ಲುಗುಡಿಯಲ್ಲಿ ಹಿರಿಯರ ಕಲ್ಲುಗಳ ಪಕ್ಕ ಇಡುತ್ತಾರೆ. ಗಂಡ ಸತ್ತರೆ ಹೆಂಡತಿಯೇ ತನ್ನ ಕೈಯಾರೆ ಇಡಬೇಕು. ಅಲ್ಲಿಯವರೆಗೂ ಸತ್ತವರು ತಮ್ಮವರನ್ನು ಸೇರುವುದಿಲ್ಲ. ಕಲ್ಲು ತಂದಾಗಿತ್ತು. ಅಷ್ಟರಲ್ಲಿ ಕೇತಮ್ಮ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಆಸ್ಪತ್ರೆಯಲ್ಲಿ ಒಳಗೆ ರಾಡು ಹಾಕಿದರು. ಕೂರುವುದು ಸಾಧ್ಯ, ನಡೆಯುವುದು ಇನ್ನು ಇಲ್ಲ ಎಂದರು.

ಮಗ ಜಡೆಯ ಅವ್ವನನ್ನು ಆಟೋದಲ್ಲಿ ಸಾಹೇಬರ ಹತ್ತಿರ ಕರೆತಂದ. ನಾನು ಜಗಲಿಯಲ್ಲೇ ಇದ್ದೆ, ಎಲ್ಲ ಕೇಳಿಸಿತು. ಪೂಜೆಗೆ ನೀವು ನಡೆದು ಹೋಗಬಹುದು, ಕಾಡಿನ ಗೇಟಿನಲ್ಲಿ ಯಾರೂ ತಡೆಯುವುದಿಲ್ಲ ಎಂದರು ಸಾಹೇಬರು. ನಡೆಯಲಾಗುವುದಿಲ್ಲ ಎಂದ ಜಡೆಯ. ಆಟೋ ಬಿಡುವಂತಿಲ್ಲ, ಹೊರಗಿನ ಗಾಡಿಗೆ ನಿಷೇಧ. ಸಫಾರಿ ಬಸ್ಸು ಕಲ್ಲುಗುಡಿಯ ಮುಂದೆಯೇ ಹೋಗುತ್ತದಲ್ಲ ಎಂದರೆ, ಬಸ್ಸಿಂದ ಕೆಳಗೆ ಇಳಿಯುವಂತಿಲ್ಲ. ಕೊನೆಗೆ ಜಡೆಯ ನನ್ನ ಕಡೆ ಕೈ ತೋರಿಸಿದ. ಅದು ಪ್ರವಾಸಿಗರಿಗೆ ಎಂದರು ಸಾಹೇಬರು. ನೀವು ಸ್ಥಳೀಯರು.

ಒಂದು ಮಾತು ಹೇಳಬೇಕು, ಬಸ್ಸಿನವರ ಬಾಯಿಂದಲೇ ಕೇಳಿದ್ದು. ಆ ಬಸ್ಸು ದಿನವೂ ಕಲ್ಲುಗುಡಿಯ ಮುಂದೆ ನಿಲ್ಲುತ್ತಿತ್ತು. ಇದು ಕಾಡುಜನರ ಹಳೆಯ ಕಾಲದ ಸ್ಮಾರಕ ಎಂದು ಗೈಡು ಹೇಳುತ್ತಿದ್ದ. ಜನ ಕಿಟಕಿಯಿಂದ ಮೊಬೈಲು ಚಾಚಿ ಫೋಟೋ ತೆಗೆಯುತ್ತಿದ್ದರು. ಎಲ್ಲೆಲ್ಲಿಯವರೋ ಬಂದು ಕೇತಮ್ಮನ ಅತ್ತೆ ಮಾವಂದಿರ ಫೋಟೋ ತೆಗೆಯಬಹುದು. ಕೇತಮ್ಮ ಮಾತ್ರ ಹೋಗುವಂತಿಲ್ಲ. ನನಗೆ ಬಾಯಿದ್ದಿದ್ದರೆ ಅವತ್ತು ಕೇಳಿಯೇಬಿಡುತ್ತಿದ್ದೆ.

ಬೆನ್ನ ಮೇಲೆ ಹೊತ್ತುಕೊಂಡು ಹೋಗೋಣವೆಂದರೆ ಸೊಂಟದ ನೋವಿಗೆ ಅವಳು ಕಿರುಚುತ್ತಾಳೆ. ಬಿದಿರಿನ ಗಳುವಿಗೆ ಕಂಬಳಿ ಕಟ್ಟಿ ಜೋಲಿಯಲ್ಲಿ ಒಯ್ಯುತ್ತೇವೆ ಎಂದು ಜಡೆಯ ಹೇಳಿದ. ಕೇತಮ್ಮ ಒಪ್ಪಲಿಲ್ಲ. ಅವರಲ್ಲಿ ಜೋಲಿ ಕಟ್ಟಿ ಒಯ್ಯುವುದು ಹೆಣವನ್ನು.

“ಉಸ್ರು ಇರೋಳು ಕಲ್ಲುಗುಡಿಗೆ ಹೆಣದಂಗೆ ಹೋಗ್ಬಾರದು ಕನಪ್ಪ. ನಾನು ಕುಂತ್ಕಂಡೇ ಬತ್ತೀನಿ,” ಎಂದಳು. ಆಮೇಲೆ ಮಡಿಲಲ್ಲಿದ್ದ ಕಲ್ಲನ್ನು ಸೆರಗಿನಿಂದ ಒರೆಸುತ್ತ, ಯಾರಿಗೂ ಅಲ್ಲವೆಂಬಂತೆ ಹೇಳಿದಳು: “ಅವ್ನೂ ಗೇಟಿಂದ ಈಚೆಗೇ ನಿಂತವ್ನೆ.”

ಜಗಲಿ ಗುಡಿಸುತ್ತಿದ್ದ ಪುಟ್ಟತಾಯಮ್ಮನ ಪೊರಕೆ ನಿಂತುಹೋಯಿತು.

ಮಾರನೆಯ ದಿನ ಬೆಳಗಿನ ಸಫಾರಿ ಬಸ್ಸುಗಳು ಹಿಂದಿರುಗಿ, ಸಾಹೇಬರು ಮೀಟಿಂಗಿಗೆ ಹೋದ ಮೇಲೆ, ಅವಳು ನನ್ನ ಮೇಲಿದ್ದ ನೀರಿನ ಕ್ಯಾನುಗಳನ್ನು ಇಳಿಸಿದಳು. ಗಾಲಿಗೆ ಎಣ್ಣೆ ಬಿಟ್ಟಳು. ಸೀದಾ ಗೇಟಿನ ಹತ್ತಿರ ತಳ್ಳಿಕೊಂಡು ಹೋದಳು. ಅವಳು ಹಿಂದಿನ ಸಂಜೆಯೇ ಹೇಳಿ ಕಳಿಸಿದ್ದಳಂತೆ, ಜಡೆಯ ಮತ್ತು ಪೋಡಿನ ನಾಲ್ಕಾರು ಜನ ಕೇತಮ್ಮನನ್ನು ಕರೆತಂದು ಕಾಯುತ್ತಿದ್ದರು. ಅವಳನ್ನು ನನ್ನ ಮೇಲೆ ಕೂರಿಸಿದರು. ತೂಕವೇ ಇಲ್ಲದ ಜೀವ. ಮಡಿಲಲ್ಲಿದ್ದ ಕಲ್ಲೇ ಹೆಚ್ಚು ಭಾರ ಅನ್ನಿಸಿತು.

ಗೇಟಿನ ಕಾವಲಿನ ನಿಂಗರಾಜು ಗಾಬರಿಯಾದ. ಗಾಡಿ ಬಿಡುವಂತಿಲ್ಲ ಅಕ್ಕ, ನಡೆದು ಹೋಗುವವರನ್ನು ಮಾತ್ರ ಬಿಡಬೇಕು ಎಂದ.

“ನಡೆಯೋಳು ನಾನು,” ಎಂದಳು ಪುಟ್ಟತಾಯಮ್ಮ. “ಅವ್ವ ಸುಮ್ಕೆ ಕುಂತವ್ಳೆ. ಕುಂತ್ಕಬ್ಯಾಡಿ ಅಂತ ಎಲ್ಲಾರ ಬರ್ದಿದ್ರೆ ತೋರ್ಸು.”

ನಿಂಗರಾಜು ಗೇಟಿನ ಪಕ್ಕದ ಬೋರ್ಡನ್ನು ಮೇಲಿಂದ ಕೆಳಗೆ ಓದಿದ. ಬೆಂಕಿ ಹಚ್ಚಬೇಡಿ, ಹಾರ್ನ್ ಮಾಡಬೇಡಿ, ಪ್ರಾಣಿಗಳಿಗೆ ತಿಂಡಿ ಕೊಡಬೇಡಿ ಎಂದೆಲ್ಲ ಇತ್ತು. ಕೂರಬೇಡಿ ಎಂದು ಇರಲಿಲ್ಲ. ಅವನು ಸರಪಳಿ ಬಿಚ್ಚಿ ಆ ಕಡೆ ತಿರುಗಿ ನಿಂತ.

ಹೀಗೆ ನಾನು ಮೊದಲ ಸಲ ಕಾಡು ಕಂಡೆ. ವರ್ಷಗಟ್ಟಲೆ ಗೇಟಿನ ಪಕ್ಕದಲ್ಲೇ ಇದ್ದು, ಒಳಗೆ ಹೋದದ್ದು ಅವತ್ತೇ. ಸಫಾರಿ ರಸ್ತೆಯ ಮೇಲೆ ಸುಮಾರಾಗಿ ಉರುಳಿದೆ. ಮುಂದೆ ಇಬ್ಬರು ಆನೆ ಬಂದೀತೆಂದು ಸದ್ದು ಮಾಡುತ್ತ ಹೋಗುತ್ತಿದ್ದರು. ಕೇತಮ್ಮ ದಾರಿಯುದ್ದಕ್ಕೂ ಮಾತಾಡುತ್ತಿದ್ದಳು. ಇಲ್ಲಿ ನಮ್ಮ ಗುಡಿಸಲು ಇತ್ತು, ಈ ಮರದಲ್ಲಿ ಕುಂಬೇಗೌಡ ಜೇನು ಇಳಿಸಲು ಹತ್ತಿ ಕಚ್ಚಿಸಿಕೊಂಡು ಮುಖ ಊದಿಸಿಕೊಂಡಿದ್ದ ಎಂದು ಹೇಳಿ ತಾನೇ ನಕ್ಕಳು. ಬಸ್ಸಿನ ಗೈಡು ಇದನ್ನೆಲ್ಲ ಒಂದು ದಿನವೂ ಹೇಳಿರಲಾರ.

ರಸ್ತೆ ಬಿಟ್ಟು ಕಲ್ಲುಗುಡಿಯ ಕಡೆ ಇಳಿಯುವಾಗ ಒಂದು ಹಳ್ಳ. ಅಲ್ಲಿ ನನ್ನ ಮುಂದಿನ ಗಾಲಿಯೊಂದು ಕಲ್ಲಿಗೆ ಸಿಕ್ಕಿ ಮುರಿಯಿತು. ನೋವಾಯಿತು, ಆದರೆ ಅವತ್ತು ನನಗೆ ಅದು ಲೆಕ್ಕಕ್ಕೇ ಬರಲಿಲ್ಲ. ಕೇತಮ್ಮ ಕೂತಿದ್ದ ಹಾಗೆಯೇ ನನ್ನನ್ನು ನಾಲ್ಕೂ ಕಡೆ ಹಿಡಿದು ಎತ್ತಿದರು. ಅವಳು ಬೆನ್ನು ನೆಟ್ಟಗೆ ಮಾಡಿಕೊಂಡು, ತಲೆ ಎತ್ತಿಕೊಂಡು ಕಲ್ಲುಗುಡಿಗೆ ಹೋದಳು.

ಮರದ ಬುಡದಲ್ಲಿ ಸಾಲು ಸಾಲು ಕಲ್ಲುಗಳಿದ್ದವು. ಪುಟ್ಟತಾಯಮ್ಮ ನನ್ನ ಕಾಲುಹಲಗೆಯನ್ನು ಮಡಚಿ ಅವಳನ್ನು ತೋಳಿನಿಂದ ಹಿಡಿದುಕೊಂಡಳು. ಕೇತಮ್ಮ ಬಗ್ಗಿ, ಕಲ್ಲನ್ನು ತನ್ನ ಅತ್ತೆಯ ಕಲ್ಲಿನ ಪಕ್ಕ ಇಟ್ಟಳು. ಅಲುಗದಂತೆ ಮಣ್ಣು ಒತ್ತಿದಳು.

“ಹೋಗು, ನಿಮ್ಮವ್ವನ ತಾವ ಕುಂತ್ಕೊ,” ಎಂದಳು. “ತಡ ಆಯ್ತು, ಬಯ್ಯಬ್ಯಾಡ.”

ಅಷ್ಟು ಹೇಳಿ ಅತ್ತಳು. ಪುಟ್ಟತಾಯಮ್ಮನೂ ಅತ್ತಳು, ಅವಳಿಗೆ ಕುಂಬೇಗೌಡನ ಪರಿಚಯವೇ ಇರಲಿಲ್ಲ.

ಹಿಂದಿರುಗುವಾಗ ಸಂಜೆಯ ಬಸ್ಸು ಎದುರಾಯಿತು. ಹುಲಿ ನೋಡಲು ಬಂದರೆ ಜನರನ್ನು ತೋರಿಸುತ್ತೀರಾ ಎಂದು ಯಾರೋ ದೂರು ಕೊಟ್ಟರು. ಎರಡೇ ದಿನದಲ್ಲಿ ವಿಚಾರಣೆ ನಡೆಯಿತು. ನನ್ನನ್ನೂ ಮುರಿದ ಗಾಲಿಯ ಸಮೇತ ಸಾಕ್ಷಿಗೆ ತಂದು ನಿಲ್ಲಿಸಿದರು. ಇದು ಇಲಾಖೆಯ ಆಸ್ತಿಯ ದುರುಪಯೋಗ ಎಂದರು ಸಾಹೇಬರು.

ಪುಟ್ಟತಾಯಮ್ಮ ಕೈ ಕಟ್ಟಿಕೊಂಡು ನಿಂತಿದ್ದಳು. ದನಿ ಎತ್ತಲಿಲ್ಲ. “ಸಿಲಿಂಡ್ರು ಕುಂತಿದ್ದಾಗ ಉಪಯೋಗ, ಮನ್ಸ ಕುಂತ್ರೆ ದುರುಪಯೋಗವಾ ಬುದ್ದಿ?” ಎಂದು ಕೇಳಿದಳು.

ಉತ್ತರ ಕೊಡುವ ಬದಲು ಅವಳನ್ನು ಕೆಲಸದಿಂದ ತೆಗೆದರು. ನಿಂಗರಾಜುವನ್ನು ಬೇರೆ ವಲಯಕ್ಕೆ ಹಾಕಿದರು. ನನ್ನನ್ನು ಗೇಟಿನ ಪಕ್ಕದ ಹಳೆಯ ಶೆಡ್ಡಿಗೆ ಎಸೆದರು. ತುಕ್ಕು ಹಿಡಿದ ಬೈಕುಗಳು, ಮುರಿದ ಬೋರ್ಡುಗಳು ನನ್ನ ನೆರೆಹೊರೆ. ನನ್ನ ರೆಕ್ಸಿನನ್ನು ಇಲಿಗಳು ತಿಂದವು. ಈಗ ಹೊಸ ಕುರ್ಚಿ ಬಂದಿದೆಯಂತೆ. ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ಬಿಚ್ಚಿಲ್ಲವಂತೆ. ದುರುಪಯೋಗವಾಗಬಾರದಲ್ಲ.

ನನ್ನ ಇಡೀ ಆಯುಷ್ಯದಲ್ಲಿ ನಾನು ಯಾವುದಕ್ಕಾಗಿ ಹುಟ್ಟಿದೆನೋ ಆ ಕೆಲಸವನ್ನು ಪೂರ್ತಿ ಮಾಡಿದ್ದು ಅವತ್ತು ಒಂದು ದಿನ. ಅದಕ್ಕೇ ನನಗೆ ಈ ಶಿಕ್ಷೆ. ಸಿಟ್ಟು ಇಳಿದಿದೆಯೇ ಎಂದು ಕೇಳಿದರೆ, ಇಲ್ಲ. ಇಳಿಯುವುದೂ ಬೇಡ.

ಹೋದ ತಿಂಗಳು ಶೆಡ್ಡಿನ ತಗಡಿನ ಸಂದಿಯಿಂದ ಜಡೆಯ ಕಾಣಿಸಿದ. ತಲೆ ಬೋಳಿಸಿಕೊಂಡಿದ್ದ. ಹೆಗಲ ಟವೆಲ್ಲಿನಲ್ಲಿ ಹೊಳೆಯ ಕಲ್ಲೊಂದನ್ನು ಸುತ್ತಿ ಎದೆಗೆ ಒತ್ತಿ ಹಿಡಿದಿದ್ದ. ಅದು ಕೇತಮ್ಮನದು ಎಂದು ಯಾರೂ ನನಗೆ ಹೇಳಬೇಕಾಗಿರಲಿಲ್ಲ. ಗೇಟಿನ ಹೊಸ ಕಾವಲುಗಾರ ಅವನ ಮುಖವನ್ನೂ ಸರಿಯಾಗಿ ನೋಡಲಿಲ್ಲ. ನಡೆದು ಹೋಗುವವರು ತಾನೇ ಎಂದು ಕೇಳಿ ಸರಪಳಿ ಬಿಚ್ಚಿದ. ಕೇತಮ್ಮ ಒಳಗೆ ಹೋದಳು. ಈಗ ಅವಳು ನಡೆಯಬೇಕಾಗಿಲ್ಲ, ಕೂರಬೇಕಾಗಿಯೂ ಇಲ್ಲ. ಅಂಥವರಿಗೆ ಈ ಕಾಡಿನಲ್ಲಿ ಯಾವ ಅಡ್ಡಿಯೂ ಇಲ್ಲ.