ಹಡಗಿಲ್ಲದ ನಾಣ್ಯ

ಅಮ್ಮಿಯಾ ಸತ್ತ ಗಂಡನ ದವಡೆಯನ್ನು ಒತ್ತಿ ಬಾಯಿ ತೆರೆದಳು. ಕಂಚಿನ ನಾಣ್ಯ ಇಡಲು ಹೋದಾಗ ಪಕ್ಕದ ಮನೆಯ ವೆಟ್ಟಿಯಾ ಕೈ ಹಿಡಿದಳು.

“ಏನೇ ಇದು? ಇದರಲ್ಲಿ ಹಡಗೇ ಇಲ್ವಲ್ಲೇ.”

ನಿಜ. ಒಂದು ಕಡೆ, ಹಿಂದಕ್ಕೂ ಮುಂದಕ್ಕೂ ನೋಡುವ ಎರಡು ಮೋರೆಯ ಬಾಗಿಲ ದೇವರು. ಇನ್ನೊಂದು ಕಡೆ ಹಡಗಿನ ಮೂತಿ ಇರಬೇಕಾದಲ್ಲಿ ಅದೇ ದೇವರು, ಮೇಣಕ್ಕೆ ಒತ್ತಿದ ಹಾಗೆ ಒಳಕ್ಕೆ ತಗ್ಗಾಗಿ.

“ಸತ್ತವರನ್ನ ಹೊಳೆ ದಾಟಿಸೋ ಅಂಬಿಗನಿಗೆ ಇದನ್ನ ಕೂಲಿ ಅಂತ ಕೊಟ್ರೆ ಮುಖಕ್ಕೆ ಎಸೀತಾನೆ. ರೋಮಿನ ಟಂಕಸಾಲೇಲಿ ನಲವತ್ತು ವರ್ಷ ಸುತ್ತಿಗೆ ಹೊಡೆದೋನಿಗೆ ಒಂದು ನೆಟ್ಟಗಿನ ನಾಣ್ಯ ಇಲ್ವೇನೇ?”

ಇದನ್ನೇ ಇಡು ಎಂದು ಅವರೇ ಹೇಳಿದ್ದು ಎಂದಳು ಅಮ್ಮಿಯಾ. ಬದುಕಿದ್ದಾಗಲೂ ಕೆರ್ದೊ ಹಾಗೆಯೇ. ಬೀದಿಯಲ್ಲಿ ತಲೆಯೋ ಹಡಗೋ ಆಡುವವರ ನಡುವೆ ಇದನ್ನೇ ಚಿಮ್ಮಿ, ತಲೆ ಎಂದು ಕೂಗಿ, ಪ್ರತಿ ಸಲವೂ ಗೆದ್ದು ನಗುತ್ತಿದ್ದ.

ಅವನ ಜೊತೆ ಅಚ್ಚು ಹಿಡಿಯುತ್ತಿದ್ದ ಮುದುಕ ಹಿಲಾರ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದ.

*

ಹರೆಯದಲ್ಲಿ ಇಬ್ಬರೂ ಟಂಕಸಾಲೆಯ ಗುಲಾಮರು. ಮೋರೆಯ ಕೆಳಅಚ್ಚಿನ ಮೇಲೆ ಬರಿ ಬಿಲ್ಲೆ ಇಟ್ಟು, ಹಡಗಿನ ಮೇಲಚ್ಚು ಹಿಡಿಯುವುದು ಹಿಲಾರನ ಕೆಲಸ, ಹೊಡೆಯುವುದು ಕೆರ್ದೊನದು. ಪ್ರತಿ ಏಟಿಗೂ ಅಚ್ಚು ತಿರುಗಿಸಿ ನೋಡಬೇಕು. ಒಂದು ಸಲ ಹಿಲಾರ ನೋಡಲಿಲ್ಲ. ಹೊಡೆದ ನಾಣ್ಯ ಮೇಲಚ್ಚಿಗೇ ಕಚ್ಚಿಕೊಂಡಿತ್ತು. ಮುಂದಿನ ಬಿಲ್ಲೆಗೆ ಹಡಗಿನ ಬದಲು ಆ ನಾಣ್ಯದ ಮೋರೆಯೇ ಒತ್ತಿತು.

ಮೇಸ್ತ್ರಿ ಬರುವಷ್ಟರಲ್ಲಿ ಹಿಲಾರ ಕಚ್ಚಿದ ನಾಣ್ಯವನ್ನು ಕಿತ್ತು ಬಾಯೊಳಗೆ ಹಾಕಿಕೊಂಡ. ಹೇಡಿ. ಇದು ಯಾರ ಕೆಲಸ ಎಂದು ಮೇಸ್ತ್ರಿ ಕೇಳಿದಾಗ ಅವನ ಬಾಯಿ ತೆರೆಯಲಿಲ್ಲ. ನಂದೇ ಎಂದ ಕೆರ್ದೊ. ಮೇಸ್ತ್ರಿ ಕೆಟ್ಟ ನಾಣ್ಯವನ್ನು ಅವನ ಮುಖಕ್ಕೇ ಎಸೆದ.

ಬಿಡುಗಡೆಯಾದ ಗುಲಾಮರು ಇಡುವ ಟೋಪಿ ಆ ವರ್ಷ ಹಿಲಾರನ ತಲೆಗೆ ಬಂತು. ಆ ತಪ್ಪಿನಿಂದಾಗಿ ಕೆರ್ದೊನಿಗೆ ಬರಲು ಇನ್ನೂ ಏಳು ವರ್ಷ ಹಿಡಿಯಿತು. ಮದುವೆಗೆ ಅಮ್ಮಿಯಾ ಆ ಏಳು ವರ್ಷವೂ ಕಾದಳು.

*

ಚಟ್ಟ ಹೊರುವವರು ಹೊರಗೆ ಅವಸರ ಮಾಡುತ್ತಿದ್ದರು. ಹಿಲಾರ ಸೊಂಟದ ಚೀಲದಿಂದ, ಅಂದು ಬಾಯೊಳಗೆ ಅಡಗಿಸಿದ್ದ ನಾಣ್ಯವನ್ನು ತೆಗೆದ.

“ತಂಗಿ, ಅವತ್ತಿನ ತಪ್ಪು ಅವನದಲ್ಲ. ನಂದು.”

“ಗೊತ್ತು. ಹಡಗು ಹಿಲಾರ ತರ್ತಾನೆ ಅಂದಿದ್ರು.”

“ತರದೇ ಹೋಗಿದ್ರೆ?” ಎಂದ ಹಿಲಾರ.

“ಹಿಂಗೇ ಕಳಿಸು, ಅವನು ಬರೋವರೆಗೂ ದಡದಲ್ಲಿ ಕಾಯ್ತೀನಿ ಅಂದ್ರು.”

ಹಿಲಾರ ತನ್ನ ನಾಣ್ಯವನ್ನು ಅಮ್ಮಿಯಾಳ ಕೈಯ ನಾಣ್ಯದ ತಗ್ಗಿನ ಮೇಲಿಟ್ಟು ಒತ್ತಿದ. ಮೋರೆಯೊಳಗೆ ಮೋರೆ ಕೂದಲೆಳೆಯಷ್ಟೂ ಬಿಡದೆ ಕೂತಿತು. ಎರಡನ್ನೂ ಕೆರ್ದೊನ ನಾಲಗೆಯ ಮೇಲಿಟ್ಟ. ದಪ್ಪಕ್ಕೆ ಬಾಯಿ ಪೂರ್ತಿ ಮುಚ್ಚಲಿಲ್ಲ. ಚಟ್ಟ ಎತ್ತಿದಾಗ, ತುಟಿಗಳ ನಡುವಿನಿಂದ ಹಡಗಿನ ಮೂತಿ ಹೊರಕ್ಕೆ ಚಾಚಿಕೊಂಡಿತ್ತು.