ಸುತ್ತಿಗೆತಲೆ ಹಕ್ಕಿಯ ಗೂಡು

ಮತ್ತೊಂದು ಒಣಮರ, ಅದರಾಚೆ ಇನ್ನೊಂದು, ಮರಗಳ ಸೊಂಟದವರೆಗೆ ನೀರು, ನದಿಗೆ ಕರೀಬಾ ಅಣೆಕಟ್ಟು ಕಟ್ಟಿದಾಗ ಮುಳುಗಿದ ನಮ್ಮಜ್ಜಂದಿರ ಹೊಲದ ಮರಗಳು, ಈಗ ಟಿಕೆಟ್ ಕೊಂಡು ನೋಡಬೇಕು, ದೋಣಿಯ ಮುಂದೆ ಚರ್ಚಿನ ಹೆಂಗಸರು ಕಿತ್ತಳೆ ಸುಲಿಯುತ್ತ ಆನೆ ಎಲ್ಲಿ ಆನೆ ಎಲ್ಲಿ ಎಂದು ಒಂದೇ ಸಮ, ಅಕ್ಕ ಚೂಲ್ವೆ ಮೊಣಕೈಯಿಂದ ತಿವಿಯುತ್ತಾಳೆ, ಮುಟಿಂಟಾ, ಒಂಚೂರು ನಗೇ, ನಿನ್ ಮೂತಿ ನೋಡಿದ್ರೆ ಬಂದ ಆನೆನೂ ವಾಪಸ್ ಹೋಗುತ್ತೆ. ನಗುತ್ತೇನೆ. ಕಣ್ಣು ಮಾತ್ರ ನೀರಿನ ಮೇಲೆ — ನನ್ನ ಗಂಡ ಮುಡೆಂಡಾ ಬಲೆ ಹಾಕಲು ಬಂದದ್ದು ಈ ಕಡೆಗೇ, ಕಾಡಿನ ಕಾವಲಿನವರು ಮೀನುಗಾರರನ್ನು ಬಿಡದ ಈ ಕಡೆಗೆ, ಇಲ್ಲಿ ಮೀನು ದಪ್ಪ ಕಣೇ ಅನ್ನುತ್ತಿದ್ದ, ದೋಣಿ ಬೋರಲಾಗಿ ತೇಲಿ ಬಂತು, ಅವನು ಬರಲಿಲ್ಲ. ಸಾಯುವಾಗ ಮೈಮೇಲಿದ್ದ ಬಟ್ಟೆಯೋ ಒಂದು ಎಲುಬೋ ಬೇಕಂತೆ, ಅದನ್ನು ಹೂಳದೆ ಸಾವಿನ ಡೋಲು ಹೊರಗೆ ಬರುವುದಿಲ್ಲ, ಡೋಲಿಲ್ಲದೆ ಹೆಂಡತಿ ಅಳುವ ಹಾಗಿಲ್ಲ, ಬದುಕಿದ್ದವನಿಗೆ ಅತ್ತರೆ ನೀನೇ ಕೊಂದ ಹಾಗೆ ಎಂದರು ಹಿರಿಯರು, ಮೈದುನನಂತೂ ಎಲ್ಲರೆದುರೇ, ನಮ್ಮಣ್ಣ ಸತ್ತಿಲ್ಲ ಅತ್ತಿಗೆ, ಆಚೆ ದಡದಲ್ಲಿ ಯಾವಳ್ ಕೈಲೋ ಮುದ್ದೆ ತಿಂತಾ ಕೂತವ್ನೆ, ನಿಮ್ ಸಾರು ಸಾಕಾಗಿರ್ಬೇಕು, ಎಲ್ಲರೂ ನಕ್ಕರು, ಮಾವನೂ ನಕ್ಕರು, ನಾನು ದಿನವೂ ಅವನ ತಟ್ಟೆ ತೊಳೆದು ಕವುಚಿಡುತ್ತೇನೆ. ಆ ದಿನ ಕೆಂಪು ಅಂಗಿ, ತೋಳು ಹರಿದಿತ್ತು, ಕೆಂಪು ದಾರ ಇರಲಿಲ್ಲ, ಹಳದಿ ದಾರದಲ್ಲೇ ಅಡ್ಡಾದಿಡ್ಡಿ ಹೊಲಿದುಕೊಟ್ಟೆ, ಇದೇನೇ ಕೋಳಿ ಕೆರೆದಂಗೆ ಹೊಲ್ದಿದೀಯ ಅಂದ, ತೊಟ್ಟುಕೊಂಡ, ಹೋದ.

ಅಗೋ ನೋಡ್ರಮ್ಮ, ಸುತ್ತಿಗೆತಲೆ ಹಕ್ಕಿ ಗೂಡು, ದೋಣಿಯವನು ಇಂಜಿನ್ ನಿಲ್ಲಿಸಿದ, ಮರದ ಕವಲಿನಲ್ಲಿ ಒಬ್ಬ ಮನುಷ್ಯ ಕೂರುವಷ್ಟು ದೊಡ್ಡ ಕಡ್ಡಿ ರಾಶಿ, ಸಿಕ್ಕಿದ್ದೆಲ್ಲ ತಂದು ತುರುಕುತ್ತೆ, ಬಲೆ, ಎಲುಬು, ಬಟ್ಟೆ, ಥೇಟ್ ನಮ್ಮತ್ತೆ ಥರ, ಹೆಂಗಸರು ನಗುತ್ತ ಫೋನು ಎತ್ತುತ್ತಾರೆ — ಕಡ್ಡಿಗಳ ನಡುವೆ ಕೆಂಪು. ತೋಳು. ಹಳದಿ ದಾರ, ಅಡ್ಡಾದಿಡ್ಡಿ. ಅದನ್ನ ತೆಕ್ಕೊಡಪ್ಪ, ಆ ಬಟ್ಟೆ, ಇದು ನನ್ನ ದನಿಯೇ, ಅವನು ಹೌಹಾರಿದ, ಏನಮ್ಮಾ, ಈ ಹಕ್ಕಿ ಗೂಡಿಗೆ ಯಾರಾದ್ರೂ ಕೈ ಹಾಕ್ತಾರಾ, ಮನೆಗೆ ಸಿಡಿಲು ಹೊಡೆಯುತ್ತೆ, ಗೊತ್ತಿಲ್ವಾ ನಿಮಗೆ. ಗೊತ್ತು. ಮಕ್ಕಳಿಗೆ ನಾನೇ ಹೇಳಿಕೊಟ್ಟಿದ್ದೇನೆ, ಆ ಮಕ್ಕಳು ಈಗ ಅದೇ ಮನೆಯೊಳಗಿದ್ದಾರೆ. ಚೂಲ್ವೆ ಗೂಡು ನೋಡಿದಳು, ನನ್ನ ಮುಖ ನೋಡಿದಳು, ಮಣಿಕಟ್ಟು ಹಿಡಿದಳು, ಫೋಟೋ ತೆಗ್ದು ತೋರಿಸೋಣ ಕಣೇ ಅಂದಳು, ಫೋಟೋ ಹೂಳುತ್ತಾರಾ ಅಕ್ಕಾ, ಮುಡೆಂಡಾ ಇನ್ನಿಲ್ಲ ಎಂದು ಈಗ ನನಗೆ ಗೊತ್ತು, ಆದರೂ ಅಳುವ ಹಾಗಿಲ್ಲ, ಇನ್ನು ಎಂದಿಗೂ ಇಲ್ಲ, ಇಂಜಿನ್ ಕೆಮ್ಮಿತು, ಯಾರೋ ಕಿತ್ತಳೆ ತೊಳೆ ಕೈಗಿಟ್ಟರು, ಆನೆ ಕಂಡಿತೆಂದು ಎಲ್ಲರೂ ಆ ಕಡೆ ತಿರುಗಿದರು, ಗಾಳಿ ಬಂತು, ತೋಳು ಎದ್ದಿತು, ಒಳಗೆ ಕೈ ಇಲ್ಲ, ಬಿತ್ತು, ಮತ್ತೆ ಎದ್ದಿತು, ಹಳದಿ ದಾರ, ಕೆಂಪು ತೋಳು, ಒಳಗೆ ಕೈ ಇಲ್ಲ, ಕೆಂಪು ತೋಳು